ಸರ್ಕಾರಿ ಶಾಲೆಗೆ ಹೊಣೆ ಯಾರು? ಎಸ್‌ಡಿಎಂಸಿವರೆಗೆ ಬಂದ ದಾರಿ

ಶಾಲೆಯ ಚಾವಣಿ ಸೋರುತ್ತಿದೆ ಅಂತಿಟ್ಟುಕೊಳ್ಳಿ. ಮುಖ್ಯ ಶಿಕ್ಷಕರು ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಕಡೆ ಕೈ ತೋರಿಸುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಪಂಚಾಯಿತಿ ಕಡೆ, ಪಂಚಾಯಿತಿಯವರು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಕಡೆ. ತಮಾಷೆ ಏನೆಂದರೆ, ಒಂದಲ್ಲ ಒಂದು ಆದೇಶದ ಪ್ರಕಾರ ಎಲ್ಲರ ಮಾತೂ ಸರಿಯೇ.

ಈ ಗೋಜಲು ಇಂದು ನಿನ್ನೆಯದಲ್ಲ. ಮೈಸೂರು ಸಂಸ್ಥಾನ 1930ರಲ್ಲಿ ಕಾನೂನು ಮಾಡಿ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಮಂಡಳಿಗಳಿಗೆ ಕೊಟ್ಟಿತು, 1941ರಲ್ಲಿ ಇನ್ನೊಂದು ಕಾನೂನು ಮಾಡಿ ವಾಪಸ್ ಪಡೆಯಿತು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಸ್ಕೂಲ್ ಬೋರ್ಡುಗಳಿದ್ದವು. ಏಕೀಕರಣದ ನಂತರ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ ರಾಜ್ಯಕ್ಕೆಲ್ಲ ಒಂದೇ ಪದ್ಧತಿ ಬಂತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಪಂಚಾಯಿತಿ ಸುಧಾರಣೆಯಲ್ಲಿ, 1987ರಲ್ಲಿ, ಶಾಲೆಗಳು ಜಿಲ್ಲಾ ಪರಿಷತ್ತಿಗೆ ಹೋದವು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಪರಿಷತ್ತಿನ ಜಾಗಕ್ಕೆ ಜಿಲ್ಲಾ ಪಂಚಾಯಿತಿ ಬಂತು.

ನಿಜವಾದ ತಿರುವು ಬಂದದ್ದು 2001ರಲ್ಲಿ. ಅಲ್ಲಿಯವರೆಗೆ ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಒಂದು ಸಮಿತಿಗೆ ಹಲವು ಶಾಲೆ, ಹಾಗಾಗಿ ಯಾವ ಶಾಲೆಗೂ ಅದು ಪೂರ್ತಿ ತನ್ನದಾಗಲಿಲ್ಲ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಒಂದೊಂದು ಶಾಲೆಗೂ ಒಂದೊಂದು ಸಮಿತಿ ಇರಲಿ ಎಂದಿತು. 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಹುಟ್ಟಿತು. ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ತಮ್ಮಲ್ಲಿ ಕೆಲವರನ್ನು ಆರಿಸಬೇಕು. ಕೂಲಿಗೆ ಹೋಗುವ ತಾಯಿಯೊಬ್ಬಳು ಮೇಷ್ಟ್ರ ಎದುರು ಕುರ್ಚಿ ಹಾಕಿಕೊಂಡು ಕೂತು ಲೆಕ್ಕ ಕೇಳಬಹುದು. ಅದು ಸಣ್ಣ ಬದಲಾವಣೆಯಲ್ಲ. ಬ್ಯಾಂಕಿನಲ್ಲಿ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆ ತೆರೆದರು, ಅನುದಾನ ಅಲ್ಲಿಗೇ ಬರತೊಡಗಿತು.

ಆಗ ಪಂಚಾಯಿತಿಗಳು ಕೇಳಿದವು: ಊರಿನ ಶಾಲೆಗೂ ನಮಗೂ ಏನು ಸಂಬಂಧ? ನ್ಯಾಯವಾದ ಪ್ರಶ್ನೆಯೇ. ಬರೀ ಆದೇಶದ ಮೇಲೆ ನಿಂತಿದ್ದ ಸಮಿತಿಗೆ ಕಾನೂನಿನ ಬೆಂಬಲವೂ ಬೇಕಿತ್ತು. 2006ರ ಮಾದರಿ ಉಪವಿಧಿಗಳು ಎಸ್‌ಡಿಎಂಸಿಯನ್ನು ಪಂಚಾಯತ್ ರಾಜ್ ಕಾಯ್ದೆಯ ಅಡಿಗೆ ತಂದು, ಗ್ರಾಮ ಪಂಚಾಯಿತಿಗೆ ಜೋಡಿಸಿದವು. ಕಾಗದದ ಮೇಲೆ ಅಚ್ಚುಕಟ್ಟಾದ ಜೋಡಣೆ. ಆದರೆ ದಿನದ ಕೆಲಸದಲ್ಲಿ ಮುಖ್ಯ ಶಿಕ್ಷಕರು ಕಾಯುವುದು ಬಿಇಓ ಕಚೇರಿಯ ಸುತ್ತೋಲೆಗೆ, ಪಂಚಾಯಿತಿಯ ಠರಾವಿಗಲ್ಲ.

ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಶಿಕ್ಷಕರ ನೇಮಕ, ಸಂಬಳ, ಶಿಸ್ತು ಕ್ರಮ ಯಾವುದೂ ಸಮಿತಿಯ ಕೈಗೆ ಬರಲಿಲ್ಲ. 2007ರ ಕಾಯ್ದೆಯಿಂದ ವರ್ಗಾವಣೆ ಕೌನ್ಸೆಲಿಂಗ್ ಮೂಲಕ ನಡೆಯತೊಡಗಿತು. ವಶೀಲಿ ಕಡಿಮೆಯಾಯಿತು, ಒಳ್ಳೆಯದೇ. ಆದರೆ ತನ್ನ ಶಾಲೆಗೆ ಗಣಿತದ ಮೇಷ್ಟ್ರು ಯಾವಾಗ ಬರುತ್ತಾರೆ ಎಂದು ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ. ಮೇಷ್ಟ್ರು ಬರಲಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬಹುದು, ಅಷ್ಟೇ. ಜವಾಬ್ದಾರಿ ಇಳಿದುಬಂದಷ್ಟು ಸಲೀಸಾಗಿ ಅಧಿಕಾರ ಇಳಿದುಬರಲಿಲ್ಲ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. ಶಾಲಾ ಅಭಿವೃದ್ಧಿ ಯೋಜನೆ ಮಾಡುವ ಕೆಲಸವನ್ನೂ ಕೊಟ್ಟಿತು. ಹಲವು ಕಡೆ ಆ ಯೋಜನೆಯನ್ನು ಬರೆಯುವವರು ಮೇಷ್ಟ್ರೇ, ಉಳಿದವರದ್ದು ಸಹಿ ಮಾತ್ರ. ತರಬೇತಿ ಸರಿಯಾಗಿ ಸಿಗದಿದ್ದರೆ ಇನ್ನೇನಾಗುತ್ತದೆ, ಅಲ್ವಾ? ಇತ್ತ ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಂದರೆ ಚಿಕ್ಕ ಮಕ್ಕಳ ಶಾಲೆಗೆ ಒಂದು ಲೆಕ್ಕ, ಕಾಲೇಜಿಗೆ ಇನ್ನೊಂದು.

ದೂರು ಕೊಡುವ ದಾರಿಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಹೇಳುತ್ತದೆ. ಮಗುವಿನ ಹಕ್ಕಿಗೆ ಧಕ್ಕೆಯಾದರೆ ಪಂಚಾಯಿತಿಯಂಥ ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಡಬೇಕು, ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಜೂನ್‌ನಲ್ಲಿ ಕೊಟ್ಟ ದೂರಿಗೆ ಮೊದಲ ಉತ್ತರ ಬರುವಷ್ಟರಲ್ಲಿ ದಸರಾ ರಜೆ ಹತ್ತಿರ ಬಂದಿರುತ್ತದೆ.