ಹಗ್ಗ ಬಿಚ್ಚುವ ಆ ನಾಲ್ಕು ಹೆಜ್ಜೆ

ನಮ್ಮ ಪಾರ್ಕಿಗೆ ಎರಡು ಗೇಟು. ಮೊದಲನೆಯದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ನಡುವೆ ಇರುವುದು ನಾಲ್ಕು ಹೆಜ್ಜೆ ಜಾಗ. ನಾಯಿಗಳು ಹಗ್ಗವಿಲ್ಲದೆ ಓಡಾಡುವ ಈ ಪಾರ್ಕಿನ ಪಕ್ಕದ ಆರೋಗ್ಯ ಕೇಂದ್ರದಲ್ಲಿ ನಾನು ಪಶುವೈದ್ಯ. ನಾನು ಹೊಲಿಗೆ ಹಾಕಿದ ಗಾಯಗಳಲ್ಲಿ ಜಾಸ್ತಿ ಪಾಲು ಶುರುವಾಗಿದ್ದು ಆ ನಾಲ್ಕು ಹೆಜ್ಜೆಯ ಸುತ್ತಮುತ್ತಲೇ.

ಹೊಸ ನಾಯಿ ಬಂದರೆ ಒಳಗಿನವೆಲ್ಲ ಮೂಸಲು ಗೇಟಿಗೆ ಮುತ್ತುತ್ತವೆ. ಮಾಲೀಕರಿಗೆ ಗಾಬರಿ, ಹಗ್ಗ ಬಿಗಿ ಹಿಡಿಯುತ್ತಾರೆ. ಹಗ್ಗ ಬಿಗಿಯಾದರೆ ನಾಯಿಯ ತಲೆ ಮೇಲೇಳುತ್ತದೆ, ಎದೆ ಮುಂದಕ್ಕೆ ಬರುತ್ತದೆ. ಎದುರಿನ ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ ಕಾಣುತ್ತದೆ. ಪಕ್ಕಕ್ಕೆ ತಿರುಗಿ ಸಮಾಧಾನ ತೋರಿಸೋಣ ಎಂದರೆ ಹಗ್ಗ ಬಿಡುವುದಿಲ್ಲ, ಹಿಂದೆ ಸರಿಯಲು ಜಾಗವಿಲ್ಲ. ಪಾಪ, ಅದಕ್ಕೆ ಉಳಿದಿರುವುದು ಹಲ್ಲೊಂದೇ. ಹಾಗಾಗಿ ಒಳಗಿನವರು ತಮ್ಮ ನಾಯಿಗಳನ್ನು ದೂರ ಕರೆದುಕೊಳ್ಳುವವರೆಗೆ ಕಾಯಿರಿ. ಹಗ್ಗವನ್ನು ಎರಡು ಗೇಟುಗಳ ನಡುವೆಯೇ ಬಿಚ್ಚಿ. ಒಳಗೆ ಹೋದ ಮೇಲೆ ಅಲ್ಲೇ ನಿಲ್ಲಬೇಡಿ, ಸೀದಾ ನಡೆಯುತ್ತಿರಿ. ನೀವು ನಡೆದರೆ ಅದೂ ನಡೆಯುತ್ತದೆ.

"ಬಾಲ ಆಡಿಸ್ತಿದೆ ಡಾಕ್ಟ್ರೇ, ಖುಷಿಯಾಗಿದೆ ಅಲ್ವಾ?" ಈ ಪ್ರಶ್ನೆ ದಿನಾ ಬರುತ್ತದೆ. ಬಾಲದ ಜೊತೆ ಸೊಂಟವೂ ಅಲ್ಲಾಡುತ್ತಿದ್ದರೆ, ಮೈ ಸಡಿಲವಾಗಿದ್ದರೆ, ಹೌದು. ಬಾಲ ಮೇಲಕ್ಕೆ ಸೆಟೆದು ತುದಿ ಮಾತ್ರ ಚಿಕ್ಕದಾಗಿ ಆಡುತ್ತಿದ್ದರೆ ಖುಷಿಯಲ್ಲ, ಅದು ಬಿಗಿ. ಬಾಯಿ ಮುಚ್ಚಿ, ಕಣ್ಣು ನೆಟ್ಟು, ಮೈ ಕಲ್ಲಾಗಿದ್ದರೆ ಆ ಕ್ಷಣವೇ ಹೆಸರು ಹಿಡಿದು ಕರೆಯಿರಿ.

ಅಟ್ಟಿಸಿಕೊಂಡು ಓಡುವ ಆಟದಲ್ಲಿ ನನಗೇ ಅನುಮಾನ ಬರುವುದುಂಟು. ಮೊನ್ನೆ ಒಂದು ಲ್ಯಾಬ್ರಡಾರ್ ಚಿಕ್ಕ ಬೀಗಲ್ ಒಂದನ್ನು ಸುತ್ತು ಹೊಡೆಸುತ್ತಿತ್ತು. ಇಬ್ಬರು ಮಾಲೀಕರೂ ನಗುತ್ತಿದ್ದರು. ನಾನು ಹೋಗಿ ಲ್ಯಾಬ್ರಡಾರನ್ನು ಹಿಡಿದು ನಿಲ್ಲಿಸಿದೆ. ಹೀಗೆ ಹಿಡಿದಾಗ ಚಿಕ್ಕದು ತಾನಾಗಿ ವಾಪಸ್ ಬಂದು, ಮುಂಗಾಲು ಚಾಚಿ ಹಿಂಭಾಗ ಎತ್ತಿ 'ಬಾ' ಎಂದರೆ ಅದು ಆಟ. ಬೀಗಲ್ ಬರಲಿಲ್ಲ. ಬೆಂಚಿನ ಕೆಳಗೆ ನುಗ್ಗಿ ತುಟಿ ನೆಕ್ಕುತ್ತಾ ಕೂತಿತು. ಅದರ ಒಡತಿಯ ಮುಖ ಸಣ್ಣಗಾಯಿತು. ತಪ್ಪು ಅವರದ್ದಲ್ಲ, ಯಾರೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ನಿಜವಾಗಿ ಕಚ್ಚಾಟವೇ ಆದರೆ ಕಾಲರ್ ಹಿಡಿಯಲು ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಿಮ್ಮ ನಾಯಿಗೂ ನಿಮ್ಮ ಕೈ ಗುರುತು ಸಿಗುವುದಿಲ್ಲ. ನೀರು ಎರಚಿ, ಜೋರು ಸದ್ದು ಮಾಡಿ, ನಡುವೆ ಅಗಲವಾದ ಹಲಗೆ ತೂರಿಸಿ.

ಮರಿಗಳ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ. ಲಸಿಕೆಯ ಸಾಲು 6ರಿಂದ 8 ವಾರಕ್ಕೆ ಶುರುವಾಗಿ, ಕಡೇ ಡೋಸ್ 16 ವಾರಕ್ಕೋ ಆಮೇಲೋ ಬೀಳಬೇಕು. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಕೊಡುವುದು. ವಾಂತಿ, ರಕ್ತಭೇದಿ ತಂದು ಮರಿಗಳ ಜೀವ ತೆಗೆಯುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮನೆಯಲ್ಲಿ ಬಳಸುವ ಎಷ್ಟೋ ಕ್ಲೀನರ್‌ಗಳಿಗೆ ಅದು ಸಾಯುವುದಿಲ್ಲ. ಆದರೆ ಇನ್ನೊಂದು ಸಂಕಟ ಇದೆ. ಲೋಕಕ್ಕೆ ಹೊಂದಿಕೊಳ್ಳುವುದನ್ನು ಮರಿ ಚೆನ್ನಾಗಿ ಕಲಿಯುವುದು ಸುಮಾರು 3ರಿಂದ 14 ವಾರದ ಒಳಗೆ. ಲಸಿಕೆ ಮುಗಿಯಲಿ ಎಂದು ಮನೆಯಲ್ಲೇ ಕೂಡಿಹಾಕಿದರೆ ಅಂಜುಬುರುಕ ನಾಯಿಯಾಗಬಹುದು. ನಾನು ಹೇಳುವುದು ಇಷ್ಟು: ಮರಿಯನ್ನು ಎತ್ತಿಕೊಂಡು ಬನ್ನಿ, ಬೇಲಿಯ ಆಚೆ ನಿಂತು ತೋರಿಸಿ, ನೆಲಕ್ಕೆ ಬಿಡಬೇಡಿ. ಲಸಿಕೆ ಆಗಿರುವ ಶಾಂತ ನಾಯಿಯ ಜೊತೆ ಮನೆಯಲ್ಲೇ ಬೆರೆಯಲಿ.

ಕೆಮ್ಮುತ್ತಿರುವ ನಾಯಿಯನ್ನು, ಬೆದೆಗೆ ಬಂದ ಹೆಣ್ಣನ್ನು ಕರೆತರಬೇಡಿ. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿ ಜ್ವರ ಅಲ್ಲಿಂದಲೂ ಹರಡುತ್ತದೆ. ಮನೆಗೆ ಹೋದ ಮೇಲೆ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಸವರಿ ನೋಡಿ.

ಬಿಸಿಲಿನ ಬಗ್ಗೆ ಒಂದು ಮಾತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಹೆಚ್ಚಾಗಿ ತೇಕುವುದರಿಂದಲೇ. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ನಾಯಿಯ ಮೈಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ತೂರಾಡುತ್ತಿದ್ದರೆ ಮೊದಲು ಮೈಗೆ ನೀರು ಸುರಿದು ಗಾಳಿ ಹಾಕಿ, ಆಮೇಲೆ ನಮ್ಮ ಹತ್ತಿರ ಓಡಿ ಬನ್ನಿ.

ಪ್ರತಿ ವಾರ ಒಂದು ಮುದಿ ನಾಯಿ ಬರುತ್ತದೆ. ಯಾರ ಜೊತೆಯೂ ಆಡುವುದಿಲ್ಲ. ಬೇಲಿಯ ಬುಡವನ್ನೇ ಮೂಸುತ್ತಾ ಒಂದು ಸುತ್ತು ಹಾಕುತ್ತದೆ. "ಸುಮ್ನೆ ಕರ್ಕೊಂಡ್ ಬರ್ತಿದ್ದೀನಾ?" ಎಂದು ಅದರ ಯಜಮಾನರು ಕೇಳಿದರು. ಅದರ ಮೂಗು ನೋಡಿ ಎಂದೆ. ಒಂದೇ ಹುಲ್ಲಿನ ಎಸಳಿನ ಹತ್ತಿರ ಅರ್ಧ ನಿಮಿಷ ನಿಂತಿತ್ತು, ಮೂಗಿನ ಹೊಳ್ಳೆ ಮಾತ್ರ ಆಡುತ್ತಿತ್ತು. ಯಜಮಾನರು ಹಗ್ಗವನ್ನು ಜೇಬಿಗೆ ಹಾಕಿಕೊಂಡು ಅದರ ಹಿಂದೆ ನಿಧಾನಕ್ಕೆ ನಡೆದರು.