ಎಂಜಿನ್ ನಿಂತಿರಲಿಲ್ಲ

ಕಳೆದ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮಗನನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ನಾನು ನಡೆಸುವ ತರಗತಿಗೆ ಬಂದಿದ್ದರು. ಹುಡುಗನಿಗೆ ಪೈಲಟ್ ಆಗಬೇಕೆಂಬ ಆಸೆ. ತಂದೆಗೆ ಆಸೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಅಂಜಿಕೆ ಇತ್ತು. ಶುಲ್ಕ, ವೈದ್ಯಕೀಯ ಪರೀಕ್ಷೆ, ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳ ಹಾರಾಟದ ಖರ್ಚು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು, ಎದ್ದು ಹೊರಡುವ ಹೊತ್ತಿಗೆ ಅವರು ಕೇಳಿದರು: “ಎಲ್ಲಾ ಖರೇರಿ ಸರ್, ಆದ್ರ ಮ್ಯಾಲೆ ಹೋದಾಗ ಎಂಜಿನ್ ಬಂದ್ ಬಿದ್ರ ಏನ್ ಗತಿರೀ?” ಹಲವು ವರ್ಷ ಸಣ್ಣ ವಿಮಾನಗಳಲ್ಲಿ ತರಬೇತಿ ಕೊಟ್ಟು, ಈಗ ಊರಿಗೆ ಮರಳಿ ನೆಲದ ಮೇಲಿನ ಪಾಠವನ್ನಷ್ಟೇ ಹೇಳುತ್ತಿರುವ ನನಗೆ ಈ ಪ್ರಶ್ನೆ ಎದುರಾಗದ ವಾರವಿಲ್ಲ. ತಂದೆತಾಯಿಗಳು ಕೇಳಿದರೆ ಬೇಸರವಿಲ್ಲ. ಆದರೆ ನಲವತ್ತು ಗಂಟೆ ಹಾರಿ ಬಂದ ಹುಡುಗರೂ ಇದನ್ನೇ ಕೇಳಿದಾಗ ಮಾತ್ರ ಸಿಟ್ಟು ಬರುತ್ತದೆ.

ಈ ತಪ್ಪು ತಿಳಿವಳಿಕೆಯ ಮೂಲದಲ್ಲಿ ‘ಸ್ಟಾಲ್’ ಎಂಬ ಒಂದು ಪದವಿದೆ. ಏರಿನಲ್ಲಿ ಕ್ಲಚ್ಚನ್ನು ಅವಸರದಿಂದ ಬಿಟ್ಟರೆ ಕಾರು ಜಗ್ಗಿ ಬಂದ್ ಬೀಳುತ್ತದೆ, ಅದನ್ನು ಡ್ರೈವಿಂಗ್ ಕಲಿಸುವವರು ಸ್ಟಾಲ್ ಆಯಿತು ಎನ್ನುತ್ತಾರೆ. ತರಬೇತಿ ವಿಮಾನವೊಂದು ‘ಸ್ಟಾಲ್ ಆಗಿ ಬಿದ್ದಿತು’ ಎಂದು ಪತ್ರಿಕೆಯಲ್ಲಿ ಓದಿದವರು ಸಹಜವಾಗಿಯೇ ಆಕಾಶದಲ್ಲಿ ಎಂಜಿನ್ ನಿಂತಿತು ಎಂದುಕೊಳ್ಳುತ್ತಾರೆ. ವಿಮಾನದ ಮಾತಿನಲ್ಲಿ ಸ್ಟಾಲ್ ಆಗುವುದು ಎಂಜಿನ್ ಅಲ್ಲ, ರೆಕ್ಕೆ. ಎಂಜಿನ್ ಪೂರ್ಣ ಶಕ್ತಿಯಿಂದ ಗರ್ಜಿಸುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ಎಂಜಿನ್ನೇ ಇಲ್ಲದ ಗ್ಲೈಡರಿನಲ್ಲಿಯೂ ಆಗಬಹುದು.

ನಮ್ಮ ಕಡೆ ಕಾರಹುಣ್ಣಿಮೆಯ ಸುಮಾರಿಗೆ ಗಾಳಿಪಟ ಹಾರಿಸಿದವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಪಟಕ್ಕೆ ಸೂತ್ರ ಕಟ್ಟುವಾಗ ಅಜ್ಜ ಬೆರಳಿನಿಂದ ಅಳೆದು ಅಳೆದು ಕಟ್ಟುತ್ತಿದ್ದುದು ಏಕೆ? ಪಟವು ಗಾಳಿಗೆ ಎಷ್ಟು ವಾಲಿ ನಿಲ್ಲಬೇಕು ಎಂಬುದನ್ನು ಸೂತ್ರವೇ ನಿರ್ಧರಿಸುತ್ತದೆ. ವಾಲುವುದು ಹದವಾಗಿದ್ದರೆ ಪಟ ಏರುತ್ತದೆ. ಗಾಳಿಗೆ ತೀರ ಎದೆಯೊಡ್ಡಿ ನಿಂತರೆ ಏರದೆ ಒದ್ದಾಡಿ ಗೋತಾ ಹೊಡೆಯುತ್ತದೆ. ವಿಮಾನದ ರೆಕ್ಕೆಯ ಸಂಗತಿಯೂ ಇಷ್ಟೇ. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯ ಸಣ್ಣ ವಿಮಾನಗಳಲ್ಲಿ ಆ ಮಿತಿ ಸುಮಾರು 15ರಿಂದ 18 ಡಿಗ್ರಿ. ಅದನ್ನು ದಾಟಿದರೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಈ ಕೋನವನ್ನು ಹೆಚ್ಚಿಸುವುದು ಪೈಲಟ್ ಯೋಕನ್ನು, ಅಂದರೆ ಮುಂದಿರುವ ಹಿಡಿಕೆಯನ್ನು, ತನ್ನತ್ತ ಎಳೆಯುವ ಕೈ. ವಿಮಾನದ ಮೂತಿ ಆಕಾಶಕ್ಕೆ ನೆಟ್ಟಿರಬೇಕೆಂದೇನೂ ಇಲ್ಲ. ಮೂತಿ ನೆಲದ ಕಡೆಗಿದ್ದಾಗಲೂ ಜೋರಾಗಿ ಎಳೆದರೆ ಸ್ಟಾಲ್ ಆಗುತ್ತದೆ. ಬಿಡುಗಡೆಯ ಮಾರ್ಗವೂ ಅದೇ ಕೈಯಲ್ಲಿದೆ: ಎಳೆತವನ್ನು ಸಡಿಲಿಸಿ ಮೂತಿಯನ್ನು ಇಳಿಸಬೇಕು. ನೆಲ ಎದುರಿಗೆ ಕಾಣುತ್ತಿರುವಾಗ ಮೂತಿಯನ್ನು ಇನ್ನಷ್ಟು ಇಳಿಸಲು ಮನಸ್ಸು ಒಪ್ಪುವುದಿಲ್ಲ ಎಂಬುದೇ ಎಲ್ಲ ತೊಂದರೆಯ ಬೇರು.

ಇದು ಹೊಸ ತೊಂದರೆಯಲ್ಲ. ಎರಡು ಸಾವಿರಕ್ಕೂ ಹೆಚ್ಚು ಸಲ ಗ್ಲೈಡರಿನಲ್ಲಿ ಹಾರಿದ್ದ ಜರ್ಮನಿಯ ಓಟ್ಟೊ ಲಿಲಿಯೆಂತಾಲ್ 1896ರ ಆಗಸ್ಟ್ 9ರಂದು ಸುಮಾರು 15 ಮೀಟರ್ ಎತ್ತರದಿಂದ ಸ್ಟಾಲ್ ಆಗಿ ಬಿದ್ದು ಮರುದಿನ ತೀರಿಕೊಂಡರು. ಅವರ ಯಂತ್ರದಲ್ಲಿ ಎಂಜಿನ್ ಇರಲೇ ಇಲ್ಲ. ಆ ಸಾವು ರೈಟ್ ಸಹೋದರರ ಮನಸ್ಸಿನಲ್ಲಿ ಉಳಿದಿತ್ತು. ಅವರು ಮೂತಿಯನ್ನು ಏರಿಳಿಸುವ ಪಟ್ಟಿಯಾದ ಎಲಿವೇಟರನ್ನು ರೆಕ್ಕೆಯ ಮುಂದೆ ಇಟ್ಟುದಕ್ಕೆ ಅದೂ ಒಂದು ಕಾರಣ. ಇನ್ನೊಂದು ತುದಿಯಲ್ಲಿ 2009ರ ಜೂನ್ 1ರ ಏರ್ ಫ್ರಾನ್ಸ್ 447 ಪ್ರಯಾಣಿಕ ವಿಮಾನದ ಅಪಘಾತ ಇದೆ. ಅದು ಸಣ್ಣ ವಿಮಾನವಲ್ಲ, ನಿಜ. ಆದರೆ 38,000 ಅಡಿ ಎತ್ತರದಿಂದ ಅಟ್ಲಾಂಟಿಕ್ ಸಾಗರಕ್ಕೆ ಬೀಳುವವರೆಗೂ ಅದರ ಎರಡೂ ಎಂಜಿನ್‌ಗಳು ಕೆಲಸ ಮಾಡುತ್ತಿದ್ದವು, ಮೂತಿಯನ್ನು ಮೇಲಕ್ಕೆ ಎಳೆದು ಹಿಡಿದಿದ್ದರಿಂದ ರೆಕ್ಕೆ ಮಾತ್ರ ಹಾರುತ್ತಿರಲಿಲ್ಲ. 228 ಜನ ಸತ್ತರು.

ಹಾಗಾದರೆ ಎಂಜಿನ್ ನಿಂತರೆ ಏನಾಗುತ್ತದೆ? ವಿಮಾನ ಗ್ಲೈಡರ್ ಆಗುತ್ತದೆ. ಸೆಸ್ನಾ 172 ಎಂಬ, ಲೋಕದಲ್ಲಿ ಅತಿ ಹೆಚ್ಚು ತಯಾರಾದ ನಾಲ್ಕು ಆಸನಗಳ ವಿಮಾನವು ಎಂಜಿನ್ ಇಲ್ಲದೆ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಮುಂದೆ ಸಾಗುತ್ತದೆ. ಉಣಕಲ್ ಕೆರೆಯ ಮೇಲೆ ಅಷ್ಟು ಎತ್ತರದಲ್ಲಿ ಎಂಜಿನ್ ನಿಂತರೂ ಗೋಕುಲ ರಸ್ತೆಯ ವಿಮಾನ ನಿಲ್ದಾಣವನ್ನು ಮುಟ್ಟಬಹುದು. ನಿಲ್ದಾಣ ಹತ್ತಿರದಲ್ಲಿ ಇಲ್ಲದಿದ್ದರೆ ಹೊಲವೇ ಗತಿ. ಅಲ್ಲಿಯೂ ನಮ್ಮ ಎರಿ ಹೊಲದ ಗುಣ ತಿಳಿದಿರಬೇಕು: ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿರುವ ಅದೇ ನೆಲ ಶ್ರಾವಣದಲ್ಲಿ ಮುಂದಿನ ಚಕ್ರವನ್ನು ನುಂಗಿ ವಿಮಾನವನ್ನು ಮಗುಚಿ ಹಾಕುತ್ತದೆ. ಮಗುಚಿದ ವಿಮಾನದಿಂದ ಪಟ್ಟಿ ಬಿಚ್ಚಿಕೊಂಡು ತೆವಳಿ ಹೊರಬಂದವರನ್ನು ನಾನು ಕಂಡಿದ್ದೇನೆ. ಎಂಜಿನ್ ಕೈಕೊಟ್ಟರೆ ಯಾರೂ ಸಾಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನೆಲ ಬಿಟ್ಟು ಕೆಲವು ನೂರು ಅಡಿ ಏರಿದಾಗ ಎಂಜಿನ್ ನಿಂತು, ಪೈಲಟ್ ಎದುರಿನ ಬಯಲನ್ನು ಬಿಟ್ಟು ರನ್‌ವೇಗೆ ಮರಳಲು ವಿಮಾನವನ್ನು ಬಿಗಿಯಾಗಿ ತಿರುಗಿಸಲು ಹೋದ ಪ್ರಸಂಗಗಳು ಘೋರವಾಗಿರುತ್ತವೆ. ಆದರೆ ಅಲ್ಲಿ ಕೊನೆಗೆ ಕೊಲ್ಲುವುದು ನಿಂತ ಎಂಜಿನ್ ಅಲ್ಲ, ಆ ತಿರುವಿನಲ್ಲಿ ಆದ ಸ್ಟಾಲ್.

ಅಮೆರಿಕದಲ್ಲಿ ಖಾಸಗಿ ಸಣ್ಣ ವಿಮಾನಗಳ ಅಪಘಾತಗಳನ್ನು ಹಲವು ದಶಕಗಳಿಂದ ಎಣಿಸುತ್ತ ಬಂದಿದ್ದಾರೆ. ಸರಿಸುಮಾರು ಮುಕ್ಕಾಲು ಪಾಲು ಅಪಘಾತಗಳ ಬುಡದಲ್ಲಿ ಪೈಲಟ್ಟಿನ ನಿರ್ಧಾರ ಅಥವಾ ಕೈತಪ್ಪು ಇರುತ್ತದೆ, ಮತ್ತು ಸಾವು ತರುವ ಅಪಘಾತಗಳಲ್ಲಿ ಮೊದಲ ಸ್ಥಾನ ಹಾರುತ್ತಿರುವಾಗಲೇ ನಿಯಂತ್ರಣ ತಪ್ಪುವುದಕ್ಕೆ. ಅದರಲ್ಲಿ ದೊಡ್ಡ ಪಾಲು ಸ್ಟಾಲ್.

ಈ ಸ್ಟಾಲ್ ಹೇಗೆ ಒದಗುತ್ತದೆ ಎಂಬುದನ್ನು ನನ್ನದೇ ಒಂದು ಅನುಭವದಿಂದ ಹೇಳುತ್ತೇನೆ. ಸಂಜೆಯ ಹೊತ್ತು, ಇಳಿಯುವ ಮುನ್ನಿನ ಕೊನೆಯ ಎಡ ತಿರುವು, ಎತ್ತರ ಸುಮಾರು 500 ಅಡಿ, ವೇಗ 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್). ಹಿಂದಿನಿಂದ ಗಾಳಿ ತಳ್ಳುತ್ತಿದ್ದುದರಿಂದ ಶಿಷ್ಯ ರನ್‌ವೇಯ ನೇರವನ್ನು ದಾಟಿ ಆಚೆ ಹೋಗುತ್ತಿದ್ದ. ಅದನ್ನು ಸರಿಪಡಿಸಲು ಇನ್ನಷ್ಟು ವಾಲಿಸಿದ, ಸಾಲದೆಂದು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿಯಾದ ರಡರನ್ನು ಎಡಗಾಲಿನಿಂದ ತುಳಿದ, ಮೂತಿ ಇಳಿಯಿತೆಂದು ಯೋಕನ್ನು ಎಳೆದ. ಈಗ ಲೆಕ್ಕ ನೋಡಿ. ಸೆಸ್ನಾ 172 ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ಇಳಿಸದೆ ನೇರ ಹಾರಾಟದಲ್ಲಿ ಸುಮಾರು 48 ನಾಟ್ ವೇಗಕ್ಕೆ ಸ್ಟಾಲ್ ಆಗುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ ಆ ವೇಗ 57ಕ್ಕೆ ಏರುತ್ತದೆ, 60 ಡಿಗ್ರಿಗೆ 68ಕ್ಕೆ. ಅಂದರೆ ನೇರ ಹೋಗುವಾಗ ಸುರಕ್ಷಿತವಾಗಿದ್ದ 65 ನಾಟ್ ಆ ತಿರುವಿನಲ್ಲಿ ಸಾಲುವುದಿಲ್ಲ. ಜೊತೆಗೆ ರಡರ್ ಅತಿಯಾಗಿದ್ದರೆ ಒಳಗಿನ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೆ ಉರುಳಿ ಬುಗುರಿಯಂತೆ ಸುತ್ತತೊಡಗುತ್ತದೆ. 500 ಅಡಿಯಲ್ಲಿ ಅದನ್ನು ನಿಲ್ಲಿಸಲು ಜಾಗವಿಲ್ಲ. (ಈ ಅಂಕಿಗಳು ಮಾದರಿ ಮತ್ತು ತೂಕಕ್ಕೆ ತಕ್ಕಂತೆ ಬದಲಾಗುತ್ತವೆ, ಹಾರುವವರು ತಮ್ಮ ವಿಮಾನದ ಕೈಪಿಡಿಯನ್ನೇ ನಂಬಬೇಕು.) ಎಚ್ಚರಿಕೆಯ ಹಾರ್ನ್ ಕೂಗಿತು, ನಾನು ಯೋಕನ್ನು ಮುಂದಕ್ಕೆ ದೂಡಿ, ರೆಕ್ಕೆಗಳನ್ನು ಸಮಮಾಡಿ, ಥ್ರಾಟಲ್ ಪೂರ್ತಿ ಕೊಟ್ಟು ಮತ್ತೊಂದು ಸುತ್ತಿಗೆ ಏರಿದೆ. ಇಳಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಹುಡುಗ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಆದ್ರ ಸರ್, ಎಂಜಿನ್ ಛಲೋ ನಡೀತಿತ್ತಲ್ರೀ?”

ಆ ಹಾರ್ನ್ ಬಗ್ಗೆ ಒಂದು ಮಾತು. ಹಳೆಯ ಸೆಸ್ನಾಗಳ ಎಡ ರೆಕ್ಕೆಯ ಮುಂಚೂಣಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ರೆಕ್ಕೆಯ ಕೋನ ಮಿತಿಯ ಸಮೀಪಕ್ಕೆ ಬಂದಾಗ ಅಲ್ಲಿ ಗಾಳಿಯ ಒತ್ತಡ ತಗ್ಗಿ, ಒಳಗಿನ ಪೀಪಿಯ ಮೂಲಕ ಗಾಳಿ ಹೀರಲ್ಪಟ್ಟು ಸದ್ದಾಗುತ್ತದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಹಾರುವ ಮುನ್ನ ಪೈಲಟ್ ಆ ರಂಧ್ರದ ಮೇಲೆ ಕರವಸ್ತ್ರ ಇಟ್ಟು ಬಾಯಿಂದ ಹೀರಿ ಪರೀಕ್ಷಿಸುತ್ತಾನೆ. ಗುಜರಿಗೆ ಹೋದ ವಿಮಾನದಿಂದ ತೆಗೆದ ಅಂಥದೊಂದು ಪೀಪಿ ನನ್ನ ಮೇಜಿನ ಮೇಲಿದೆ. ಬ್ಯಾಡಗಿಯ ಯಜಮಾನರಿಗೆ ಅದನ್ನು ಕೊಟ್ಟು ಹೀರಲು ಹೇಳಿದೆ. ಜಾತ್ರೆಯ ತುತ್ತೂರಿಯಂಥ ಸದ್ದು ಬಂದಾಗ ನಕ್ಕರು. ಕೊನೆಯ ತಿರುವಿನಲ್ಲಿ ಮಗ ಈ ಸದ್ದು ಕೇಳಿದರೆ ಏನು ಮಾಡಬೇಕೆಂದು ಹೇಳಿದಾಗ ನಗು ನಿಲ್ಲಿಸಿ ಅದನ್ನು ಮತ್ತೊಮ್ಮೆ ಊದಿಸಿ ನೋಡೆಂದು ಮಗನ ಕೈಗೆ ಕೊಟ್ಟರು. ಊದಿದರೆ ಬಾರದು, ಹೀರಬೇಕು ಎಂದು ತಿದ್ದಿದೆ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಣ್ಣಿನಿಂದ ನೋಡಿ ಹಾರಲು ಮಾತ್ರ ಕಲಿತವನು ಮೋಡದೊಳಗೆ ಹೊಕ್ಕರೆ ಮೇಲು ಕೆಳಗು ತಿಳಿಯುವುದಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಂಥ ಇಪ್ಪತ್ತು ಪೈಲಟ್‌ಗಳನ್ನು ಪರೀಕ್ಷಿಸಿದಾಗ, ನಿಯಂತ್ರಣ ಕಳೆದುಕೊಳ್ಳಲು ಅವರಿಗೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಹಾರಿಸುತ್ತಿದ್ದ ಪೈಪರ್ ಸರಟೋಗಾ ಮಬ್ಬಿನಲ್ಲಿ ಸಮುದ್ರಕ್ಕೆ ಬಿದ್ದುದು ಹೀಗೆಯೇ. ದಿಕ್ಕಿನ ಅರಿವು ತಪ್ಪಿದ್ದೇ ಕಾರಣವೆಂದು ತನಿಖೆ ಹೇಳಿತು. ಅಲ್ಲಿಯೂ ಎಂಜಿನ್ ನಿಂತಿರಲಿಲ್ಲ. ಮಳೆಗಾಲದಲ್ಲಿ ಗದಗಿನ ಕಡೆ ಬಿಸಿಲು ಬಿದ್ದಿರುವಾಗಲೇ ಕಲಘಟಗಿಯ ಕಡೆ ಮೋಡ ಮರದ ತುದಿಗೆ ಇಳಿದಿರುತ್ತದೆ ಎಂಬುದನ್ನು ಬಲ್ಲ ನಮ್ಮ ಹುಡುಗರು ಇದನ್ನು ಬೇರೆಯವರಿಗಿಂತ ಬೇಗ ತಿಳಿಯಬೇಕು. ತಗ್ಗಿನಲ್ಲಿ ಮಾಡುವ ಕಸರತ್ತು ಇನ್ನೊಂದು. 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ಸತ್ತುದು ಪಿಟ್ಸ್ ವಿಮಾನದಲ್ಲಿ ಅಂಥ ಕಸರತ್ತು ಮಾಡುವಾಗ. ಇನ್ನು ನಿಜವಾಗಿ ಎಂಜಿನ್ ನಿಂತ ಪ್ರಸಂಗಗಳಲ್ಲಿಯೂ ಎಷ್ಟೋ ಸಲ ತಪ್ಪು ಎಂಜಿನ್ನಿನದಲ್ಲ: ಇಂಧನ ಮುಗಿದಿರುತ್ತದೆ, ಇಲ್ಲವೇ ಒಂದು ಟ್ಯಾಂಕ್ ತುಂಬಿದ್ದರೂ ಟ್ಯಾಂಕ್ ಆರಿಸುವ ಕೀಲಿ ಖಾಲಿ ಟ್ಯಾಂಕಿನ ಕಡೆಗಿರುತ್ತದೆ, ಇಲ್ಲವೇ ನೀಲಿ ಬಣ್ಣದ ಪೆಟ್ರೋಲಿನ ತಳದಲ್ಲಿ ನಿಂತ ನೀರನ್ನು ಬೆಳಿಗ್ಗೆ ಯಾರೂ ಬಸಿದಿರುವುದಿಲ್ಲ.

ಯಾವುದಾದರೂ ವಿಮಾನ ಬಿದ್ದ ದಿನ ನನಗೆ ಕರೆಗಳು ಬರುತ್ತವೆ, ಕಾರಣ ಹೇಳಿ ಎಂದು. ನಾನು ಹೇಳುವುದಿಲ್ಲ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಏರಿದ ಸೆಸ್ನಾ 180 ಸ್ವಲ್ಪ ಹೊತ್ತಿನಲ್ಲೇ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ಸತ್ತಾಗ, ಅಂದು ಸಂಜೆಯೊಳಗೆ ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಹತ್ತು ಕಾರಣಗಳು ಸಿದ್ಧವಾಗಿದ್ದವು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರಾಥಮಿಕ ವರದಿಗೆ 30 ದಿನಗಳ ಅವಧಿ ಇದೆ, ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಪ್ಪಿಸುವುದೇ ಹೊರತು ತಪ್ಪಿತಸ್ಥನನ್ನು ಹಿಡಿಯುವುದಲ್ಲ. ಸತ್ತ ಪೈಲಟ್ಟಿನ ಮನೆಯವರು ಟಿವಿ ನೋಡುತ್ತಿರುತ್ತಾರೆ ಎಂಬುದನ್ನೂ ಮರೆಯಬಾರದು.

ಬ್ಯಾಡಗಿಯ ಹುಡುಗ ಈಗ ತರಬೇತಿಯಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, ಕೊನೆಯ ತಿರುವಿನಲ್ಲಿ ರನ್‌ವೇಯ ನೇರ ದಾಟಿದ್ದರಿಂದ ಬಲವಂತವಾಗಿ ತಿರುಗಿಸದೆ, ಒಂದೇ ದಿನ ಎರಡು ಸಲ ಇಳಿಯುವುದನ್ನು ಕೈಬಿಟ್ಟು ಮತ್ತೆ ಸುತ್ತು ಹಾಕಿ ಬಂದೆ ಎಂದು ಸಂಕೋಚದಿಂದ ಹೇಳಿದ. ಶಭಾಷ್ ತಮ್ಮಾ ಎಂದೆ. ಅರ್ಧ ಗಂಟೆಯ ನಂತರ ತಂದೆಯ ಕರೆ ಬಂತು. “ಸರ್, ಆ ಎರಡು ಸುತ್ತಿಗೂ ಬಿಲ್ ಹಚ್ತಾರೇನ್ರೀ?” ಗಂಟೆಯ ಲೆಕ್ಕದಲ್ಲಿ ಹಚ್ಚುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಚ್ಚಲಿ ಬಿಡ್ರಿ,” ಎಂದು ಫೋನ್ ಇಟ್ಟರು.