ತಾಮ್ರದ ತಗಡಿನ ಮೇಲೊಂದು ಸಂಜೆ

ನದಿಯ ದಡ, ದಟ್ಟ ಮರಗಳು, ಹಿಂದೆ ಮುಳುಗುವ ಹೊತ್ತಿನ ಬೆಳಕು. ಲಂಡನ್ನಿನ ಸರ್ಜನ್ ಫ್ರಾನ್ಸಿಸ್ ಸೀಮೋರ್ ಹೇಡನ್ 1863ರಲ್ಲಿ ಮಾಡಿದ 'ಎ ಸನ್‌ಸೆಟ್ ಇನ್ ಐರ್ಲೆಂಡ್' ಎಂಬ ಎಚಿಂಗ್ ಇದು, ಅಂದರೆ ಕೊರೆದ ತಾಮ್ರದ ತಗಡಿಗೆ ಶಾಯಿ ತುಂಬಿ ಕಾಗದದ ಮೇಲೆ ಅಚ್ಚೊತ್ತಿದ ಚಿತ್ರ. ಇದರ ಒಂದು ಪ್ರತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಒಂದು ಅಡಿ ಅಗಲವೂ ಇಲ್ಲ, ಬಣ್ಣವೂ ಇಲ್ಲ. ಆದರೂ ಮರಗಳ ಕೆಳಗಿನ ಕತ್ತಲೆ ಎಷ್ಟು ಮೆತ್ತಗಿದೆ!

ಎಚಿಂಗ್‌ನಲ್ಲಿ ಕೊರೆಯುವ ಕೆಲಸ ಆಮ್ಲದ್ದು. ತಾಮ್ರದ ತಗಡಿಗೆ ಮೇಣ, ರಾಳ ಬೆರೆಸಿದ ತೆಳು ಲೇಪ ಹಚ್ಚುತ್ತಾರೆ. ಸೂಜಿಯಿಂದ ಗೀಚಿದ ಕಡೆ ಲೇಪ ಎದ್ದು ತಾಮ್ರ ಬಯಲಾಗುತ್ತದೆ. ಆಮ್ಲ ಅಷ್ಟನ್ನೇ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗುತ್ತದೆ, ಶಾಯಿ ಜಾಸ್ತಿ ಹಿಡಿಯುತ್ತದೆ, ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ.

ನೈಟ್ರಿಕ್ ಆಮ್ಲ ಬಳಸಿದರೆ ಗುಳ್ಳೆ ಏಳುತ್ತವೆ. ಅವು ಗೆರೆಯಲ್ಲಿ ಕೂತರೆ ಆಮ್ಲ ಸರಿಯಾಗಿ ತಾಕುವುದಿಲ್ಲ, ಹಾಗಾಗಿ ಹಕ್ಕಿಯ ಗರಿಯಿಂದ ಸವರುತ್ತಿರಬೇಕು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿದ ದ್ರಾವಣ ಹಾಗಲ್ಲ, ನಿಧಾನವಾಗಿ, ಸದ್ದಿಲ್ಲದೆ ತಿನ್ನುತ್ತದೆ. ಹೇಡನ್ ಇದನ್ನು ಬಳಸಿ, ತಗಡು ಆಮ್ಲದಲ್ಲಿ ಮುಳುಗಿರುವಾಗಲೇ ಚಿತ್ರ ಬಿಡಿಸುವ ಕ್ರಮವನ್ನು ರೂಢಿಸಿಕೊಂಡ. ಮೊದಲು ಎಳೆದ ಗೆರೆಗೆ ಹೆಚ್ಚು ಹೊತ್ತು ಸಿಗುತ್ತದೆ, ಅಲ್ವಾ? ಹಾಗಾಗಿ ಹತ್ತಿರದ ಕಪ್ಪು ಮರ ಮೊದಲು, ದೂರದ ತೆಳು ಗುಡ್ಡ ಕೊನೆಗೆ. ದೂರ, ಹತ್ತಿರ ಎರಡೂ ಇಲ್ಲಿ ಹೊತ್ತಿನ ಲೆಕ್ಕ. ಈ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಆದರೆ ಐರ್ಲೆಂಡಿನ ಸಂಜೆಯ ಆ ಮೆತ್ತನೆ ಕಪ್ಪು ಆಮ್ಲದ್ದಲ್ಲ, ಡ್ರೈಪಾಯಿಂಟ್‌ನದು. ಚೂಪು ಮೊನೆಯಿಂದ ತಾಮ್ರವನ್ನೇ ನೇರವಾಗಿ ಗೀರಿದಾಗ, ನೇಗಿಲ ಸಾಲಿನ ಪಕ್ಕ ಮಣ್ಣು ಏಳುವಂತೆ ಲೋಹದ ಸಣ್ಣ ಅಂಚು ಎದ್ದು ನಿಲ್ಲುತ್ತದೆ. ಶಾಯಿ ಆ ಅಂಚಿಗೂ ಹಿಡಿದು ಗೆರೆಯ ಸುತ್ತ ಹರಡುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಸಿಕ್ಕ ಅಂಚು ಬೇಗ ಮಲಗಿಬಿಡುತ್ತದೆ. ಮೊದಮೊದಲ ಪ್ರತಿಗಳಲ್ಲಿ ತುಂಬಿದ್ದ ಕತ್ತಲೆ ಆಮೇಲಿನವುಗಳಲ್ಲಿ ತೆಳುವಾಗುತ್ತದೆ. ತಗಡು ಒಂದೇ ಆದರೂ ಪ್ರತಿಗಳು ಒಂದೇ ಅಲ್ಲ.

ಶಾಯಿಯ ಕಪ್ಪು ಇಂಗಾಲದ್ದು, ಬೆಳಕಿಗೆ ಮಾಸುವುದಿಲ್ಲ. ಕೆಡುವುದು ಕಾಗದ. ಅದಕ್ಕೇ ಮ್ಯೂಸಿಯಂಗಳು ಇಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತವೆ. ಗೋಡೆಯ ಮೇಲಿಲ್ಲದಿದ್ದರೂ ನೋಡಲು ದಾರಿ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಂಥ ಕಡೆ ಮುಂಚೆಯೇ ಸಮಯ ಗೊತ್ತು ಮಾಡಿಕೊಂಡರೆ, ಸಾಮಾನ್ಯ ಜನರಿಗೂ ಮೂಲ ಪ್ರತಿಗಳನ್ನು ಮೇಜಿನ ಮೇಲಿಟ್ಟು ತೋರಿಸುತ್ತಾರೆ.